ಶರಣಪ್ಪ ಎಂಬವರು ಯಾರೂ ಇಲ್ಲ

ಹುಡುಕುವ ಕಲೆ ಎಲ್ಲರಿಗೂ ಒಲಿಯುವುದಿಲ್ಲ. ನನಗಂತೂ ಒಲಿದಿಲ್ಲ. ಕಣ್ಣಿನ ಮೇಲೆ ಚಾಳೀಸು ಇಟ್ಟುಕೊಂಡೇ ಮನೆಯೆಲ್ಲ ಚಾಳೀಸು ಹುಡುಕಿದವನು ನಾನು. ಊಟದ ಡಬ್ಬಿಯನ್ನು ಕಚೇರಿಯಲ್ಲೇ ಬಿಟ್ಟು ಬಂದು ಸಂಜೆ ಹೆಂಡತಿಯ ಕೈಯಲ್ಲಿ ಸಿಕ್ಕಿಬೀಳುವುದು ನಮ್ಮ ಮನೆಯ ನಿತ್ಯದ ಪೂಜೆಯಂತೆ ತಪ್ಪದೆ ನಡೆಯುತ್ತದೆ. ಇಂಥವನಿಗೆ ಸೇಡಂನ ನಮ್ಮ ಸಹಕಾರಿ ಬ್ಯಾಂಕು ವಹಿಸಿರುವ ಕೆಲಸ ಯಾವುದೆಂದು ಕೇಳಿದರೆ ನಿಮಗೆ ನಗು ಬರಬಹುದು. ಹುಡುಕುವ ಯಂತ್ರವನ್ನು ನೋಡಿಕೊಳ್ಳುವುದು.

ಒಬ್ಬರು ಇನ್ನೊಬ್ಬರಿಗೆ ಹಣ ಕಳಿಸಿದರೆ ಅದು ನಮ್ಮಲ್ಲಿಗೆ ಒಂದು ಸಂದೇಶವಾಗಿ ಬರುತ್ತದೆ. ಆ ಸಂದೇಶದಲ್ಲಿ ಖಾನೆಗಳಿವೆ: ಕಳಿಸಿದವರು, ಪಡೆಯುವವರು, ಖಾತೆ ಸಂಖ್ಯೆ, ಮೊತ್ತ, ಊರು, ಕೊನೆಗೆ ಕಾರಣ. ಹುಡುಕುಯಂತ್ರ ಇದನ್ನೆಲ್ಲ ಪದಪದವಾಗಿ ಬಿಡಿಸಿ, ಯಾವ ಪದ ಯಾವ ಸಂದೇಶದಲ್ಲಿದೆ ಎಂದು ಸೂಚಿ ಮಾಡಿಟ್ಟುಕೊಳ್ಳುತ್ತದೆ. ಒಂದು ಪದ ಹಾಕಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಸಂದೇಶ ಎದುರಿಗೆ. ಆದರೆ ನಮ್ಮ ಜನಕ್ಕೆ ಕಾರಣದ ಖಾನೆ ಖಾಲಿ ಬಿಡುವುದೆಂದರೆ ಬೀಗರ ಮನೆಗೆ ಬರಿಗೈಯಲ್ಲಿ ಹೋದಷ್ಟು ಸಂಕೋಚ. ಚಿತ್ತಾಪುರದವರೊಬ್ಬರು ಅಲ್ಲಿ "ಮಳಿ ಇನ್ನಾ ಬಂದಿಲ್ಲ" ಎಂದು ಬರೆಸಿದ್ದರು. ಶಹಾಬಾದಿನವರೊಬ್ಬರು ಅಕ್ಕನಿಗೆ ನಮಸ್ಕಾರ ಹೇಳಿದ್ದರು. ಶಾಖೆಯ ಗುಮಾಸ್ತರು ಹೇಳಿದ್ದನ್ನೆಲ್ಲ ಹಾಗೇ ಹೊಡೆಯುತ್ತಾರೆ. ಇಲ್ಲವೆಂದರೆ ಜಗಳಕ್ಕೆ ನಿಲ್ಲುತ್ತಾರಲ್ಲ!

ಕಳೆದ ತಿಂಗಳು ಯಂತ್ರ ಸ್ವಲ್ಪ ನಿಧಾನವಾಯಿತು. ಕೈಪಿಡಿ ತೆಗೆದು ನೋಡಿದೆ. ಎಲ್ಲ ಕಡೆ ಬರುವ ಪದಗಳಿಂದ ಹುಡುಕಾಟಕ್ಕೆ ಉಪಯೋಗವಿಲ್ಲ, ಅವನ್ನು ಸೂಚಿಯಿಂದ ಕೈಬಿಡಿ ಎಂದಿತ್ತು. 'ಮತ್ತು', 'ಆದರೆ' ಎಂದು ಉದಾಹರಣೆಯನ್ನೂ ಕೊಟ್ಟಿತ್ತು. ಭಾಳ ಬರುವ ಪದಗಳನ್ನು ನೀನೇ ಆರಿಸಿ ಬಿಟ್ಟುಬಿಡು ಎಂದು ಯಂತ್ರಕ್ಕೇ ಅಪ್ಪಣೆ ಕೊಟ್ಟೆ. ಯಂತ್ರ ಕುದುರೆಯಾಯಿತು. ಮ್ಯಾನೇಜರರು ಬೆನ್ನು ತಟ್ಟಿದರು. ನಾನು ಎರಡು ದಿನ ಕತ್ತೆತ್ತಿ ಓಡಾಡಿದೆ.

ಮೂರನೆಯ ದಿನ ಕುರಕುಂಟಾದಿಂದ ಒಬ್ಬರು ಬಂದರು. ಟೇಲರ್. ಜೊತೆಗೆ ಮಗಳು. ಅವಳಿಗೆ ಕಲಬುರಗಿಯ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು; ಫೀಸು ತುಂಬಲು ಅಂದೇ ಕಡೆಯ ದಿನ, ಸಂಜೆಯೊಳಗೆ ತುಂಬದಿದ್ದರೆ ಸೀಟು ಬೇರೆಯವರಿಗೆ. ವಾಡಿಯಲ್ಲಿರುವ ಅವಳ ಸೋದರಮಾವ ಹಣ ಕಳಿಸಿದ್ದ. ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿ ಅದು ನಮ್ಮ ತಡೆಹಿಡಿದ ಸಂದೇಶಗಳ ರಾಶಿಯಲ್ಲಿ ಎಲ್ಲೋ ಕೂತಿತ್ತು. ಕಾಲೇಜು ಪ್ರವೇಶದ ದಿನಗಳಾದ್ದರಿಂದ ರಾಶಿಯೂ ದೊಡ್ಡದೇ ಇತ್ತು. ಸಂದೇಶ ಸಿಕ್ಕರೆ ತಿದ್ದುವುದು ಒಂದು ನಿಮಿಷದ ಕೆಲಸ.

"ನಿಮ್ಮ ಹೆಸರೇನ್ರಿ?" ಎಂದೆ.

"ಶರಣಪ್ಪ ಅಂತರೀ."

ಹೆಸರು ಹಾಕಿದೆ. ಯಂತ್ರ ಯಾರೂ ಇಲ್ಲ ಎಂದಿತು. ಕಳಿಸಿದವನ ಹೆಸರು ಕೇಳಿದೆ. ಬಸವರಾಜ. ಅವನೂ ಇಲ್ಲ. ಊರು ವಾಡಿ ಎಂದು ಹಾಕಿದೆ. ಅಂಥ ಊರೇ ಇಲ್ಲ! ಮೊತ್ತ ಹಾಕಿದರೆ, ಅಂಥ ದುಂಡು ಮೊತ್ತದ ಫೀಸಿನ ಸಂದೇಶಗಳು ಸಾಲುಸಾಲಾಗಿ ಬಂದು ನಿಂತವು. ಒಂದೊಂದನ್ನೇ ತೆರೆದು ನೋಡುವಷ್ಟರಲ್ಲಿ ಕಾಲೇಜಿನ ಬಾಗಿಲು ಹಾಕಿರುತ್ತಿತ್ತು.

ಟೇಲರ್ ಕೌಂಟರಿನ ಮೇಲೆ ಬಗ್ಗಿ ಪರದೆ ನೋಡಿದರು. "ಸಾಹೇಬ್ರ, ನಾ ಇಲ್ಲೇ ನಿಂತೀನಿ. ನಿಮ್ಮ ಮಷೀನ್ ನಾ ಇಲ್ಲೇ ಇಲ್ಲ ಅನ್ಲಿಕತ್ತದಲ್ರಿ!"

ಮಗಳು ನಗಲಿಲ್ಲ. ಅವಳು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು.

ಪಕ್ಕದಲ್ಲಿದ್ದ ಕ್ಯಾಷಿಯರ್ ರಫೀಕ್ ಕೇಳಿದ: "ಕಾರಣದ ಖಾನ್ಯಾಗ ಏನ್ ಬರ್ಸ್ಯಾರ ಕೇಳ್ರಿ. ನಮ್ ಮಂದಿ ಖಾಲಿ ಅಂತೂ ಬಿಟ್ಟಿರಾಂಗಿಲ್ಲ."

ಮಗಳು ಕೂಡಲೇ ಮಾವನಿಗೆ ಫೋನ್ ಹಚ್ಚಿದಳು. ಆ ಕಡೆಯ ದನಿ ನಮಗೆಲ್ಲ ಕೇಳುವಷ್ಟು ದೊಡ್ಡದಿತ್ತು. "ಏನ್ ಬರ್ಸ್ಲಿ? ಉಪ್ಪಿನಕಾಯಿ ಮುಗದದ, ಖಾಲಿ ಭರಣಿ ಬಸ್ಸಿನ್ಯಾಗ ಕಳಸೀನಿ, ತುಂಬಿ ಕಳಸ್ರಿ ಅಂತ ಬರ್ಸೀನಿ. ಯಾಕ, ಅಕ್ಕ ಸಿಟ್ಟಾಗ್ಯಾಳೇನು?"

'ಉಪ್ಪಿನಕಾಯಿ' ಎಂದು ಹಾಕಿದೆ. ಇಡೀ ರಾಶಿಯಲ್ಲಿ ಒಂದೇ ಒಂದು ಸಂದೇಶ ಮೇಲೆದ್ದು ಬಂತು. ಬಸವರಾಜನಿಂದ ಶರಣಪ್ಪನಿಗೆ. ಅಂಕಿ ತಿದ್ದಿದೆ, ಹಣ ಖಾತೆಗೆ ಬಿತ್ತು, ಮಗಳು ಅಲ್ಲೇ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಫೀಸು ತುಂಬಿದಳು. ಮುಟ್ಟಿತು ಎಂದು ಕಾಲೇಜಿನಿಂದ ಉತ್ತರ ಬಂದಾಗ ಅವಳು ನಕ್ಕಳು ನೋಡಿ, ನನ್ನ ಜೀವಕ್ಕೆ ತಂಪಾಯಿತು. ಟೇಲರ್ ಹೋಗುವಾಗ, "ಮುಂದಿನ ಸಲಾನೂ ಉಪ್ಪಿನಕಾಯಿ ಅಂತನ ಬರ್ಸ್ಬೇಕೇನ್ರಿ?" ಎಂದು ತಿಳಿದುಕೊಂಡು ಹೋದರು.

ಆಮೇಲೆ ಯಂತ್ರ ಕೈಬಿಟ್ಟ ಪದಗಳ ಪಟ್ಟಿ ತೆರೆದೆ. ಶರಣಪ್ಪ, ಬಸವರಾಜ, ಮಲ್ಲಮ್ಮ, ಮೆಹಬೂಬ, ವಾಡಿ, ಸೇಡಂ, ತೊಗರಿ. ನಮ್ಮ ಕಡೆ ಓಣಿಯಲ್ಲಿ ನಿಂತು 'ಶರಣಪ್ಪಾ' ಎಂದರೆ ಅರ್ಧ ಓಣಿ 'ಏನ್ರೀ' ಎನ್ನುತ್ತದೆ. ಪಾಪ, ಯಂತ್ರ ಅಷ್ಟನ್ನೂ 'ಮತ್ತು', 'ಆದರೆ'ಗಳ ಜೊತೆ ಹೊರಗೆ ಹಾಕಿತ್ತು. ರಫೀಕ್ ನನ್ನ ಹೆಗಲ ಮೇಲಿಂದ ಇಣುಕಿ, "ಸಾಹೇಬ್ರ, ಮೊದಲನೇ ಹೆಸರು ನಿಮ್ದೇ ಅದಲ್ರಿ!" ಎಂದ.

ಹೌದು, ನಾನೂ ಶರಣಪ್ಪನೇ. ನನ್ನ ಕೈಯಾರೆ ನನ್ನನ್ನೇ ಕೈಬಿಟ್ಟಿದ್ದೆ. ಪಟ್ಟಿ ಅಳಿಸಿ, ಯಂತ್ರವನ್ನು ಮತ್ತೆ ನಿಧಾನ ಮಾಡಿ ಮನೆಗೆ ಬಂದೆ.

ಹೆಂಡತಿಗೆ ಎಲ್ಲವನ್ನೂ ಹೇಳಿದೆ, ಸ್ವಲ್ಪ ಮರುಕ ಸಿಗಲಿ ಎಂದು. ಅವಳು ಹೂ ಕಟ್ಟುತ್ತ ಕೇಳಿಸಿಕೊಂಡಳು. "ಅದರಾಗ ಏನದರೀ? ಮದುವ್ಯಾದಾಗಿಂದ ನಾ ಒಂದ್ ದಿನಾರ ನಿಮ್ಮ ಹೆಸರು ಹಿಡದು ಕರದೀನೇನು? 'ರೀ' ಅಂದ್ರ ಸಾಕು, ಎಲ್ಲಿದ್ರೂ ಬರ್ತೀರಿ."

ಮಾತು ಖರೆ. ಯಂತ್ರಕ್ಕಿಂತ ಇವಳ ಪದ್ಧತಿಯೇ ವಾಸಿ ಎನಿಸಿ, ನನ್ನ ಮನಸ್ಸಿಗೂ ಸಮಾಧಾನವಾಗತೊಡಗಿತ್ತು. ಅಷ್ಟರಲ್ಲಿ ಅವಳ ಕಣ್ಣು ನನ್ನ ಖಾಲಿ ಕೈಯ ಮೇಲೆ ಬಿತ್ತು.

"ರೀ," ಎಂದಳು, "ಡಬ್ಬಿ ಎಲ್ಲ್ರಿ?"