ಬಿಜಲಿಗೆ ದಾರಿ ಬಿಟ್ಟ ಕಂಡಕ್ಟರ್

ಇಪ್ಪತ್ತೆರಡು ವರ್ಷ ಬಸ್ಸಿನ ಕಂಡಕ್ಟರನಾಗಿದ್ದವನ ತಲೆಯಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಡುತ್ತದೆ: ಹಿಂದಿನಿಂದ ಜೋರಾಗಿ ಕೂಗಿದರೆ ಎಂಥ ಜೀವವೂ ಮುಂದೆ ಸರಿಯುತ್ತದೆ. ಹಳಿಯಾಳ, ದಾಂಡೇಲಿ, ಜೋಯಿಡಾ ದಾರಿಯಲ್ಲಿ ನಾನು ಹೀಗೆ ಸರಿಸಿದ ಜನರನ್ನು ಸಾಲಾಗಿ ನಿಲ್ಲಿಸಿದರೆ ಗೋವಾ ಮುಟ್ಟೀತು. "ಮುಂದ ಹೋಗ್ರಿ, ಮುಂದ ಜಾಗಾ ಐತಿ" ಎನ್ನುತ್ತಿದ್ದೆ. ಮುಂದೆ ಜಾಗ ಇರುತ್ತಿರಲಿಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು, ಆದರೂ ಸರಿಯುತ್ತಿದ್ದರು. ಕನ್ನಡ ಬಾರದ ಕೊಂಕಣಿ ಅಜ್ಜಿಯರು ಕೂಡ ನನ್ನ ದನಿಗೆ ಗಂಟುಮೂಟೆ ಎತ್ತಿಕೊಂಡು ಒಂದು ಗೇಣು ಮುಂದೆ ಹೋಗುತ್ತಿದ್ದರು. ಅಂಥ ನಾನು ಐವತ್ತರ ಹತ್ತಿರ ಬಂದಾಗ, ಒಂದು ಕುದುರೆಯನ್ನು ಹತ್ತು ಹೆಜ್ಜೆ ನಡೆಸುವುದಕ್ಕಾಗಿ ಪಾಠಕ್ಕೆ ಹೋಗಬೇಕಾಯಿತು. ಹತ್ತಿ ಸವಾರಿ ಮಾಡುವುದಕ್ಕಲ್ಲ, ಅಷ್ಟು ದೊಡ್ಡ ಮಾತು ಬೇಡ. ನೆಲದ ಮೇಲೆ ನಿಂತು, ಹಗ್ಗ ಹಿಡಿದು, ಅದರ ಜೊತೆ ನಡೆಯುವುದಕ್ಕೆ.

ಕುದುರೆ ನಾನು ತಂದದ್ದಲ್ಲ, ನಮ್ಮ ಹೊಲಕ್ಕೆ ತಾನಾಗಿ ಬಂದದ್ದು. ತೇರಗಾಂವದ ನಮ್ಮ ಹೊಲದಲ್ಲಿ ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಯಲ್ಲಪ್ಪಜ್ಜ ಎಂಬ ಕುರಿಗಾರ ಗೊಬ್ಬರಕ್ಕಾಗಿ ಕುರಿಹಿಂಡನ್ನು ತಂದು ರಾತ್ರಿ ತರುಬುತ್ತಿದ್ದ. ಅವನ ಪಾತ್ರೆ, ಹಾಸಿಗೆ, ನಡೆಯಲಾರದ ಮರಿಗಳು ಎಲ್ಲವನ್ನೂ ಹೊರಲು ಒಂದು ಕಂದು ಬಣ್ಣದ ಸಣ್ಣ ಹೆಣ್ಣು ಕುದುರೆ ಇತ್ತು. ಆ ವರ್ಷ ಅದರ ಹಿಂಗಾಲಿಗೆ ದೊಡ್ಡ ಗಾಯವಾಗಿತ್ತು. "ತಮ್ಮಾ, ಇದು ನಮ್ಮ ಜೋಡಿ ನಡಿಯೂದಿಲ್ಲ. ಇಲ್ಲೇ ಬಿಟ್ಟು ಹೋಗ್ತೇನಿ. ಬದುಕಿದ್ರ ಮುಂದಿನ ಸುಗ್ಗಿಗೆ ನೋಡೂಣು" ಎಂದು ಅಜ್ಜ ಹೊರಟುಹೋದ. ನನ್ನ ಹೆಂಡತಿ ಮಾದೇವಿ ಎರಡು ತಿಂಗಳು ಆ ಗಾಯ ತೊಳೆದಳು, ಕಟ್ಟಿದಳು, ನೊಣ ಓಡಿಸಿದಳು. ಕುಂಟುತ್ತ ನಿಂತಿದ್ದ ಅದಕ್ಕೆ ನಾನು ತಮಾಷೆಗೆ ಬಿಜಲಿ ಎಂದು ಹೆಸರಿಟ್ಟೆ. ಕಾಲು ವಾಸಿಯಾದ ದಿನ ಅದು ಹೆಸರಿಗೆ ತಕ್ಕಂತೆ ಓಡಿತು. ನನ್ನ ಕೈಯಲ್ಲಿ ಹಗ್ಗ ಕಂಡರೆ ಸಾಕು, ಹೊಲದ ಆ ತುದಿ. ನಾನು ಸೀಟಿ ಊದಿದೆ, ಕೂಗಿದೆ, ಸುತ್ತಿ ಬಂದೆ. ಒಮ್ಮೆ ಹೇಗೋ ಕುತ್ತಿಗೆಗೆ ಹಗ್ಗ ಬಿತ್ತು. ಆಮೇಲೆ ಅರ್ಧ ಹೊಲ ನಾನು ಮುಖ ಅಡಿಯಾಗಿ ಪ್ರಯಾಣ ಮಾಡಿದೆ, ಟಿಕೆಟ್ಟಿಲ್ಲದೆ.

ಇಷ್ಟಕ್ಕೇ ಮುಗಿದಿದ್ದರೆ ಬಿಡುತ್ತಿದ್ದೆ. ಆದರೆ ಅಜ್ಜನಿಂದ ಸುದ್ದಿ ಬಂತು: ಹುಬ್ಬಳ್ಳಿ ಕಡೆ ಮದುವೆ ಮೆರವಣಿಗೆಗೆ ಕುದುರೆ ಕೊಡುವವನೊಬ್ಬ ಬಿಜಲಿಯನ್ನು ಕೇಳುತ್ತಿದ್ದಾನಂತೆ, ಸುಗ್ಗಿಗೆ ಅಜ್ಜ ಅವನನ್ನು ಕರೆದುಕೊಂಡು ಬರುತ್ತಾನಂತೆ. ಮಾದೇವಿ ಒಲೆಯ ಮುಂದೆ ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಒಂದು ತಗಡು ಸಪ್ಪಳ ಆದ್ರ ಮೈಯೆಲ್ಲ ನಡಗತೈತಿ ಅದು. ಬ್ಯಾಂಡು, ಪಟಾಕಿ ನಡುವ ಹೆಂಗ ನಿಂದರತೈತ್ರಿ? ನೀವು ಏನರ ಮಾಡ್ರಿ. ಅದು ನಮ್ಮ ಕೈಯಾಗ ಪಳಗೇತಿ ಅಂದ್ರ ಅಜ್ಜ ಇಲ್ಲೇ ಬಿಡ್ತಾನ." ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವಳು ನನ್ನಿಂದ ಕೇಳಿದ್ದು ಬಹಳ ಕಡಿಮೆ. ಆಗಲಿ ಎಂದುಬಿಟ್ಟೆ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಉಪಾಯ ಬಸ್ಸಿನಲ್ಲೇ ಹತ್ತಿಕೊಂಡು ಬಂತು. ಕುಳಗಿಯ ಹತ್ತಿರ ಪುಣೆ ಕಡೆಯ ನಿವೃತ್ತ ಪಶುವೈದ್ಯೆಯೊಬ್ಬರು ನಾಲ್ಕು ಕುದುರೆ ಸಾಕಿಕೊಂಡು ಇದ್ದರು. ಎಲ್ಲರೂ ಮರಾಠಿಯಂತೆ ಡಾಕ್ಟರ್ ಬಾಯಿ, ಅಂದರೆ ಡಾಕ್ಟರ್ ಅಮ್ಮ, ಎನ್ನುತ್ತಿದ್ದರು. ಒಂದು ದಿನ ಅವರು ಹೆಗಲಿಗೆ ದಪ್ಪ ಹಗ್ಗದ ಸುರುಳಿ, ಕೈಯಲ್ಲಿ ಜೀನು ಹಿಡಿದು ಹತ್ತಿದರು. ಜೀನಿಗೆ ಲಗೇಜು ಟಿಕೆಟ್ಟು ಹರಿಯಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗ ಮಾತು ಬೆಳೆದು ಬಿಜಲಿಯವರೆಗೆ ಬಂತು. "ನಾಲ್ಕು ರವಿವಾರ ಕುದುರೆ ಕ್ಲಿನಿಕ್ ಇಟ್ಟಿದೀನಿ, ಬನ್ನಿ ಸಾಹೇಬ" ಎಂದರು. ಕ್ಲಿನಿಕ್ ಎಂದರೆ ದವಾಖಾನೆ ಎಂದುಕೊಂಡ ನಾನು, "ನಮ್ಮ ಕುದುರಿಗೆ ಈಗ ಏನೂ ರೋಗ ಇಲ್ರಿ" ಎಂದೆ. ಬಾಯಿ ನಕ್ಕರು. "ಕುದುರೆಗೆ ಇರೋದಿಲ್ಲ ಹೋ. ಹಗ್ಗ ಹಿಡಿಯೋರಿಗೆ ಇರ್ತದೆ."

ಮೊದಲ ರವಿವಾರ ಕುದುರೆಯಿಲ್ಲದೆ ಹೋದೆವು, ಹಿಡಿಯಲು ಸಿಕ್ಕರಲ್ಲವೇ ಒಯ್ಯುವುದು! ನಾನು ಮತ್ತು ರೊಟ್ಟಿ ಬುತ್ತಿ ಹಿಡಿದ ಮಾದೇವಿ. ಬಾಯಿ ನಮ್ಮನ್ನು ಕುದುರೆಯ ಹತ್ತಿರವೂ ಬಿಡಲಿಲ್ಲ. ಹಗ್ಗದ ಒಂದು ತುದಿ ನನ್ನ ಕೈಗೆ, ಇನ್ನೊಂದು ಮಾದೇವಿಯ ಕೈಗೆ ಕೊಟ್ಟು, "ಸಾಹೇಬ, ಈಗ ನಿಮ್ಮ ಹೆಂಡತಿ ಕುದುರೆ. ನಡೆಸಿ" ಎಂದರು. ನನಗೆ ಗೊತ್ತಿದ್ದ ವಿದ್ಯೆ ಒಂದೇ. ಹಗ್ಗ ಜಗ್ಗಿ, "ನಡೀ, ಮುಂದ ನಡೀ" ಎಂದೆ. ಮಾದೇವಿ ಕಾಲು ಊರಿ ನಿಂತಳು. "ಎಲ್ಲಿಗಂತ ಹೇಳ್ರಿ ಮೊದಲ. ಹಿಂಗ ಜಗ್ಗಿದ್ರ ನಾ ಯಾಕ ಬರ್ಲಿ?" ಬಾಯಿ ಚಪ್ಪಾಳೆ ತಟ್ಟಿ, "ಕುದುರೆ ಬರೋಬರ್ ಮಾತಾಡ್ತು!" ಎಂದರು. ಆಮೇಲೆ ನಾನು ಕುದುರೆಯಾದೆ, ಕಣ್ಣು ಮುಚ್ಚಿಕೊಂಡು. ಡಾಕ್ಟರ್ ಬಾಯಿಯ ಕೈಯಲ್ಲಿದ್ದ ಹಗ್ಗ ಸ್ವಲ್ಪವೇ ಬಿಗಿಯಾಯಿತು, ಹಾಗೇ ನಿಂತಿತು. ನಾನು ಅರೆಮನಸ್ಸಿನಿಂದ ಒಂದು ಪಾದ ಎತ್ತಿದ್ದೇ ತಡ, ಸಡಿಲವಾಯಿತು. ಆ ಸಡಿಲು ಎಷ್ಟು ಹಿತವಾಗಿತ್ತೆಂದರೆ ಇನ್ನೊಂದು ಹೆಜ್ಜೆ ತಾನಾಗಿ ಬಂತು. ಕಣ್ಣು ಬಿಟ್ಟಾಗ ಬೇಲಿಯವರೆಗೆ ಬಂದಿದ್ದೆ. ಬಾಯಿಯ ಪಾಠವೆಲ್ಲ ಇಷ್ಟೇ ಆಗಿತ್ತು: ಮೆಲ್ಲಗೆ ಕೇಳಬೇಕು, ಕಾಯಬೇಕು, ಅದು ಕೂದಲೆಳೆಯಷ್ಟು ಒಪ್ಪಿದ ಕ್ಷಣವೇ ಬಿಟ್ಟುಬಿಡಬೇಕು. ಕೇಳುವುದರಲ್ಲಿ ನಾನು ಪಳಗಿದವ. ಬಿಡುವುದನ್ನು ಮಾತ್ರ ನಮ್ಮ ಬಸ್ಸಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಮನೆಯ ಅಭ್ಯಾಸ ಇನ್ನೂ ವಿಚಿತ್ರ. ಬಿಜಲಿಯ ಕಡೆ ನಾಲ್ಕು ಹೆಜ್ಜೆ ಹೋಗುವುದು. ಅದು ಕಿವಿ ನಿಮಿರಿಸಿದರೆ ತಿರುಗಿ ಎರಡು ಹೆಜ್ಜೆ ಹಿಂದೆ ಬರುವುದು. ಬೆನ್ನು ಮಾಡಿ ಸುಮ್ಮನೆ ನಿಲ್ಲುವುದು. ಖಾಕಿ ಅಂಗಿಯಲ್ಲಿ ಹೊಲದ ನಡುವೆ ದಿನವೂ ಹೀಗೆ ನಿಂತ ನನ್ನನ್ನು ಕಂಡು ಪಕ್ಕದ ಹೊಲದ ಬಸಪ್ಪ, "ಯಾಕ್ರಿ ಸಾಹೇಬ್ರ, ಬಸ್ಸು ಇನ್ನೂ ಬಂದಿಲ್ಲೇನು?" ಎಂದು ಕೇಳಿದ. ಬಸ್ಸಿನಲ್ಲೂ ಪ್ರಯೋಗ ಮಾಡಿದೆ. ಕೂಗದೆ, ತಳ್ಳದೆ, ಜನರ ಪಕ್ಕ ನಿಂತು, "ಸ್ವಲ್ಪ ಸರೀತೀರೇನ್ರಿ?" ಎಂದು ಕೇಳಿ ಕಾದೆ. ಒಬ್ಬಳು ಮುದುಕಿ ನನ್ನ ಮುಖವನ್ನೇ ನೋಡಿ, "ಯಾಕೋ ಯಪ್ಪಾ, ಮೈಯಾಗ ಹುಷಾರಿಲ್ಲೇನು? ಕೂಡು ಬಾ" ಎಂದು ತಾನೇ ಎದ್ದು ಜಾಗ ಕೊಟ್ಟಳು.

ಮೂರನೆಯ ವಾರ ನನ್ನ ಚಪ್ಪಲಿಗೆ ಮುಳ್ಳು ಹೊಕ್ಕಿತು. ಕುದುರೆ, ಪಾಠ ಎಲ್ಲ ಮರೆತು ಬದುವಿನ ಮೇಲೆ ಕೂತು ಅದನ್ನು ಕೀಳುತ್ತಿದ್ದೆ. ಬೆನ್ನ ಹಿಂದೆ ಬಿಸಿ ಉಸಿರು. ಆಮೇಲೆ ಹೆಗಲ ಮೇಲೆ ಮೆತ್ತಗೆ ಒಂದು ಮೂತಿ. ತಿರುಗಲಿಲ್ಲ. ತಿರುಗಿದರೆ ನನ್ನ ಕಣ್ಣು ತುಂಬಿದ್ದನ್ನು ಬಸಪ್ಪ ನೋಡುತ್ತಿದ್ದ ಎಂಬ ಕಾರಣಕ್ಕೂ ತಿರುಗಲಿಲ್ಲ. ಅಂದಿನಿಂದ ಬಿಜಲಿ ಮುಖಕ್ಕೆ ಹಗ್ಗ ಹಾಕಿಸಿಕೊಂಡಿತು. ಹಿಂದೆ ಸರಿಯುವುದು, ಪಕ್ಕಕ್ಕೆ ಸರಿಯುವುದು, ಗೊಬ್ಬರದ ಚೀಲದ ಮೇಲೆ ಕಾಲಿಡುವುದು, ತಗಡಿನ ಡಬ್ಬಿಯ ಸಪ್ಪಳಕ್ಕೆ ನಿಂತು ಉಸಿರು ಬಿಡುವುದು, ಎಲ್ಲ ಕಲಿಯಿತು. ನನ್ನ ನಾಲಿಗೆ ಮಾತ್ರ ಹಳೆಯದು. ಹೊರಡುವಾಗ "ರೈಟ್" ಎನ್ನುತ್ತಿದ್ದೆ, ನಿಲ್ಲುವಾಗ "ಹೋಲ್ಡಾನ್". ಬಿಜಲಿ ಹೊರಡುತ್ತಿತ್ತು, ನಿಲ್ಲುತ್ತಿತ್ತು. ನೋಡಲು ತೇರಗಾಂವಕ್ಕೇ ಬಂದ ಡಾಕ್ಟರ್ ಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಂದೇ ಸವಾರಿಯ ಪಾಠ. ನಾನು ಪ್ಯಾಂಟು ಮಡಿಚಿ ಸಿದ್ಧನಾದೆ. ಬಾಯಿ ಬಿಜಲಿಯ ಬೆನ್ನು ನೋಡಿದರು, ನನ್ನ ಹೊಟ್ಟೆ ನೋಡಿದರು, ಮತ್ತೆ ಬಿಜಲಿಯ ಬೆನ್ನು ನೋಡಿದರು. "ಸಾಹೇಬ, ಕುದುರೆ ಸಣ್ಣದು. ಹದಿನೈದು ಕಿಲೋ ಇಳಿಸಿ ಬನ್ನಿ. ತಾಯಿ, ನೀವು ಹತ್ತಿ." ಮಾದೇವಿ ಜೀವಮಾನದಲ್ಲಿ ಸೈಕಲ್ ಹತ್ತಿದವಳಲ್ಲ. "ಅಯ್ಯ, ನಾ ಒಲ್ಲೆವ್ವಾ" ಎನ್ನುತ್ತಲೇ ಕಚ್ಚೆ ಬಿಗಿದು, ಕಟ್ಟೆಯ ಮೇಲಿಂದ ಹತ್ತಿ ಕೂತಳು. ಹೊಲದ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ಅವಳ ಬೆನ್ನು ನೆಟ್ಟಗಾಗಿತ್ತು. "ರೀ, ಇಲ್ಲಿಂದ ಊರಿನ ಕೆರಿ ಕಾಣಸ್ತೈತಿ!" ಎಂದು ಕೂಗಿದಳು. ನಾನು ಕೆಳಗೆ ಹಗ್ಗ ಹಿಡಿದು ನಡೆಯುತ್ತಿದ್ದೆ. ನನಗೆ ಜೋಳದ ದಂಟು ಕಾಣಿಸುತ್ತಿತ್ತು.

ಸುಗ್ಗಿ ಮುಗಿಯಿತು. ಯಲ್ಲಪ್ಪಜ್ಜ ಕುರಿಗಳೊಂದಿಗೆ ಬಂದ, ಹಿಂದೆಯೇ ಮೋಟರ್ ಸೈಕಲ್ ಮೇಲೆ ಮದುವೆ ಕುದುರೆಯವನು. ಮಾದೇವಿ ಬಿಜಲಿಯ ಮೇಲೆ ಕೂತು ಒಂದು ಸುತ್ತು ಬಂದಳು. ಪರೀಕ್ಷೆ ಮಾಡಲೆಂದು ಅವನು ಪಕ್ಕದಲ್ಲೇ ಹಾರ್ನ್ ಬಾರಿಸಿದ. ಬಿಜಲಿ ಬೆಚ್ಚಿ ಕುತ್ತಿಗೆ ಎತ್ತಿತು. ಮೇಲೆ ಮಾದೇವಿ. ನನ್ನ ಕೈ ಹಗ್ಗ ಜಗ್ಗಲು, ಗಂಟಲು ಕೂಗಲು ಹೊರಟೇಬಿಟ್ಟಿದ್ದವು. ಅದು ಹೇಗೋ, ಹಗ್ಗ ಸಡಿಲ ಬಿಟ್ಟೆ, ಉಸಿರು ಬಿಟ್ಟೆ. ಬಿಜಲಿ ನನ್ನನ್ನು ನೋಡಿತು, ತಲೆ ಇಳಿಸಿತು, ನಿಂತಿತು. ಗೆದ್ದೆವು ಎಂದುಕೊಂಡೆ. ಆಗ ಮದುವೆ ಕುದುರೆಯವನು ಕುಣಿದಾಡಿ, "ಅಜ್ಜಾ, ಇಂಥಾ ಶಾಂತ ಕುದುರಿನ ನಾ ಹುಡಕಾಕತ್ತಿದ್ದೆ! ಈಗ ಒಯ್ತೇನಿ" ಎಂದ. ಎಂಥ ಕೆಲಸ ಮಾಡಿಕೊಂಡಿದ್ದೆವು ನೋಡಿ. ಓಡುವ ಕುದುರೆಯಾಗಿಯೇ ಬಿಟ್ಟಿದ್ದರೆ ಅವನು ಆ ಹೊತ್ತಿಗೆ ಬರಿಗೈಯಲ್ಲಿ ಹುಬ್ಬಳ್ಳಿ ದಾರಿ ಹಿಡಿದಿರುತ್ತಿದ್ದ.

ಮಾದೇವಿ ಇಳಿದು ಬಿಜಲಿಯ ಕುತ್ತಿಗೆ ಸವರಿದಳು. ಅವನು ಹಗ್ಗ ಹಿಡಿದು ಜಗ್ಗಿದ. ಬಿಜಲಿ ಬರಲಿಲ್ಲ. "ಚಲ್ ಚಲ್" ಎಂದ. ಹಿಂದೆ ಹೋಗಿ ಕೂಗಿದ. ಅದು ಕಲ್ಲಿನಂತೆ ನಿಂತಿತು. "ಏನ್ರಿ, ಇದಕ್ಕ ಏನಂತ ಹೇಳಬೇಕು?" ಎಂದು ನನ್ನನ್ನೇ ಕೇಳಿದ. ಒಂದೇ ಮಾತು. ಇಪ್ಪತ್ತೆರಡು ವರ್ಷ ದಿನಕ್ಕೆ ನೂರು ಸಲ ಹೇಳಿದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಮಾದೇವಿ ನನ್ನನ್ನೇ ನೋಡುತ್ತಿದ್ದಳು. ನಾನು ತುಟಿ ಬಿಗಿದೆ. "ಅದರ ಮನಸ್ಸು ಬರಬೇಕ್ರಿ" ಎಂದೆ. ಸುಳ್ಳೇನೂ ಅಲ್ಲ. ಅರ್ಧ ತಾಸು ಬೆವರಿಳಿಸಿ ಅವನು ಹಗ್ಗ ಬಿಸಾಕಿ ಮೋಟರ್ ಸೈಕಲ್ ಹತ್ತಿದ. ಧೂಳು ಇಳಿದ ಮೇಲೆ ಅಜ್ಜ ಹತ್ತಿರ ಬಂದು, "ನಾ ಇದನ್ನ ಎಂಟು ವರ್ಷ ಬಡಿಗಿ ತೋರಿಸೇ ನಡಸೀನಿ ತಮ್ಮಾ. ಇಲ್ಲೇ ಇರ್ಲಿ" ಎಂದ. ಬಳಿಕ ದನಿ ತಗ್ಗಿಸಿ, "ಖರೇ ಹೇಳು, ಏನಂತಿ ಅದಕ್ಕ?" ಎಂದು ಕೇಳಿದ. ಕಿವಿಯಲ್ಲಿ ಹೇಳಿದೆ. ಮರುದಿನ ಬೆಳಿಗ್ಗೆ ಅಜ್ಜ ತನ್ನ ಕುರಿಹಿಂಡಿನ ಮುಂದೆ ನಿಂತು ಗಂಭೀರವಾಗಿ "ರೈಟ್" ಎನ್ನುವುದು ಕೇಳಿಸಿತು. ಒಂದು ಕುರಿಯೂ ಅಲ್ಲಾಡಲಿಲ್ಲ.

ಈಗ ಮಾದೇವಿ ಬಿಜಲಿಯ ಮೇಲೆ ತವರಿಗೆ ಹೋಗಿ ಬರುತ್ತಾಳೆ. ನಾನು ಹದಿನೈದು ಕಿಲೋ ಇಳಿಸುವ ಆಸೆಯಿಂದ ದಿನವೂ ಬೆಳಿಗ್ಗೆ ಹಳಿಯಾಳದ ರಸ್ತೆಯಲ್ಲಿ ನಡೆಯಲು ಶುರುಮಾಡಿದ್ದೇನೆ. ಮೂರು ಕಿಲೋ ಇಳಿದಿದೆ; ಮಾದೇವಿ ಎರಡು ಎನ್ನುತ್ತಾಳೆ. ಬಿಜಲಿ ಹಗ್ಗವಿಲ್ಲದೆ ನನ್ನ ಜೊತೆ ಬರುತ್ತದೆ. ಮೊದಲ ಸೇತುವೆಯ ಹತ್ತಿರ ನನಗೆ ದಮ್ಮು ಹತ್ತಿ ಕಟ್ಟೆಯ ಮೇಲೆ ಕೂರುತ್ತೇನೆ. ಅದು ಸ್ವಲ್ಪ ಹೊತ್ತು ಕಾಯುತ್ತದೆ, ಮೂತಿಯಿಂದ ಒಮ್ಮೆ ನನ್ನ ಬೆನ್ನು ಮುಟ್ಟುತ್ತದೆ, ನಾನು ಏಳುವ ಲಕ್ಷಣ ತೋರಿಸಿದ ಕೂಡಲೇ ಮೂತಿ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ನಾನು ಎದ್ದು ನಡೆಯುತ್ತೇನೆ. ನನ್ನ ತರಬೇತಿ ಚೆನ್ನಾಗಿ ಸಾಗಿದೆ.