ಹೆಬ್ಬಾಳದ ಜಿಲೇಬಿ

ಶೇಷಗಿರಿಯ ಕಷ್ಟಕ್ಕೆಲ್ಲ ಮೂಲ ಸದಾ ಅವನ ತುದಿನಾಲಿಗೆಯ ಮೇಲಿರುತ್ತಿದ್ದ "ಆಗಲಿ ಸಾರ್." ಯೋಚನೆ ಮಾಡುವುದು ಆಮೇಲೆ. ಆ ಶನಿವಾರವೂ ಅದೇ ಆಯಿತು.

ರಾಜ್ಯ ಒಂದಾದ ಮೇಲೆ ಧಾರವಾಡದ ಕಡೆಯಿಂದ ಅವನ ಕಚೇರಿಗೆ ಬಂದಿದ್ದ ಹೊಸ ಸಾಹೇಬರು ದೇಸಾಯಿಯವರು ಅವನನ್ನು ಒಳಗೆ ಕರೆಸಿದರು. ಶೇಷಗಿರಿಯನ್ನು ಬೀದರಿಗೆ ವರ್ಗ ಮಾಡುವ ಆಜ್ಞೆ ಅವರ ಮೇಜಿನ ಮೇಲೆ ಸಹಿಗಾಗಿ ಕಾದು ಕೂತಿತ್ತು. ಮನೆಯಲ್ಲಿ ಹೆಂಡತಿ ಸೀತಾ ತುಂಬಿದ ಬಸುರಿ. ಈ ಹೊತ್ತಿನಲ್ಲಿ ಬೀದರ್ ಎಂಬ ಮೂರಕ್ಷರ ಕೇಳುವುದೂ ಅವನಿಗೆ ಬೇಡವಾಗಿತ್ತು.

"ಏನ್ರೀ ಶೇಷಗಿರಿ, ಹೆಬ್ಬಾಳದ ಕೆರಿ ಏರಿ ಮ್ಯಾಲೆ ಮುಂಜಾನೆ ಜಿಲೇಬಿ ಭಾಳ ಚಲೋ ಸಿಗತಾವಂತ. ನಮ್ಮ ಡ್ರೈವರ್ ದಸ್ತಗೀರ್ ಯಾವಾಗ ನೋಡಿದ್ರೂ ಅದನ್ನ ಹೇಳತಾನ. ನಾಳೆ ಮನಿಗೆ ಬೀಗರು ಬರತಾರ. ಒಂದೆರಡು ಸೇರು ತಂದು ಕೊಡತೀರೇನು?"

"ಆಗಲಿ ಸಾರ್."

"ನಿಮ್ಮ ವರ್ಗದ್ದು ಆಮ್ಯಾಲೆ ನೋಡೂಣು."

ಶೇಷಗಿರಿ ಯಶವಂತಪುರದ ತನ್ನ ಮನೆಗೆ ತೇಲಿಕೊಂಡು ಬಂದ. ಎರಡು ಸೇರು ಜಿಲೇಬಿಯಿಂದ ಬೀದರ್ ತಪ್ಪುವುದಾದರೆ ಯಾರು ಬೇಡವೆನ್ನುತ್ತಾರೆ? ಏರಿಯ ಮೇಲೆ ಯಾರೋ ಮಾರವಾಡಿ ಬಾಣಲೆ ಇಟ್ಟಿರಬೇಕು ಎಂದುಕೊಂಡ. ಸೀತಾಗೆ ಮೆಲ್ಲಗೆ ಹೇಳಿದ್ದು ಗೋಡೆ ದಾಟಿ ಪಕ್ಕದ ಮನೆಗೆ ಹೋಯಿತು. ಆ ಗೋಡೆಯ ಕೆಲಸವೇ ಅದು. ಕಾಫಿ ಆರುವ ಮೊದಲೇ ಕೌಸಲ್ಯಮ್ಮ ಬಾಗಿಲಲ್ಲಿದ್ದರು. ಅವರ ಹಿಂದೆ ಅವರ ಯಜಮಾನರು, ನಿವೃತ್ತ ಹೆಡ್ಮಾಸ್ತರು ತ್ರಿವಿಕ್ರಮರಾಯರು.

"ನಾಳೆ ನಮ್ಮ ಹುಡುಗೀನ ನೋಡೋಕೆ ಬರ್ತಿದಾರೆ ಕಣಪ್ಪ. ಹೇಗೂ ಹೋಗ್ತಿದೀಯಲ್ಲ, ನಮಗೂ ಒಂದು ಸೇರು ತಂದ್ಬಿಡು," ಎಂದರು ಕೌಸಲ್ಯಮ್ಮ.

"ಸುಮ್ನೆ ಕೊಟ್ಟಿದ್ದನ್ನ ತರ್ಬೇಡ. ಕೈಯಲ್ಲಿ ಹಿಡ್ಕೊಂಡು ನೋಡು. ರಸ ಚಿಮ್ಮಬೇಕು. ಚಿಮ್ಮಲಿಲ್ಲ ಅಂದ್ರೆ ಅದು ಹಳೇದು," ಎಂದು ರಾಯರು ಪಾಠ ಹೇಳಿದರು.

ಸೀತಾ ಹಳೆಯ ಪರದೆ ಕತ್ತರಿಸಿ ಒಂದೇ ಥರದ ಎರಡು ಚೀಲ ಹೊಲಿದುಕೊಟ್ಟಳು.

ಮಾರನೆಯ ದಿನ ಇನ್ನೂ ನಸುಕಿರುವಾಗಲೇ ಶೇಷಗಿರಿ ಸೈಕಲ್ ತುಳಿದುಕೊಂಡು ಹೆಬ್ಬಾಳದ ಏರಿ ಹತ್ತಿದ. ಅಲ್ಲಿ ಜಾತ್ರೆಯಂತೆ ಜನ ಸೇರಿದ್ದರು. ತೆಪ್ಪಗಳು ದಡಕ್ಕೆ ಬರುತ್ತಿದ್ದವು, ಬುಟ್ಟಿಗಳು ಇಳಿಯುತ್ತಿದ್ದವು, ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಕಾಲಿಟ್ಟಲ್ಲೆಲ್ಲ ಕೆಸರು. ಬಾಣಲೆಯಾಗಲಿ ಒಲೆಯಾಗಲಿ ಎಲ್ಲೂ ಕಾಣಲಿಲ್ಲ. ಮೂಗಿಗೆ ಬಡಿದದ್ದು ಎಣ್ಣೆಯ ಘಮವೂ ಅಲ್ಲ. ಅವನು ಕರವಸ್ತ್ರ ಮೂಗಿಗೆ ಒತ್ತಿಕೊಂಡು, ಗೋಣಿ ಮುಚ್ಚಿದ ಬುಟ್ಟಿಯ ಹಿಂದೆ ಎಲೆಅಡಿಕೆ ಜಗಿಯುತ್ತ ಕೂತಿದ್ದ ಮುನಿವೆಂಕಟಮ್ಮ ಎಂಬವಳನ್ನು ಕೇಳಿದ.

"ಜಿಲೇಬಿ ಎಲ್ಲಿ ಸಿಗುತ್ತಮ್ಮ?"

"ಇಲ್ಲೇ ಸಾಮಿ. ಎಷ್ಟ್ ಬೇಕು?"

"ಬಿಸಿಯಾಗಿದೆಯಾ?"

"ಬಿಸಿ ಎಂಗಿರ್ತದೆ? ಈಗ ತಾನೆ ನೀರಿಂದ ಎತ್ತಿರಾದು."

"ನೀರಿಂದಲಾ? ಪಾಕದಿಂದ ಅಲ್ವಾ?"

ಮುನಿವೆಂಕಟಮ್ಮ ಇವನ ಜೊತೆ ಮಾತು ದಂಡ ಎಂದುಕೊಂಡು ಗೋಣಿ ಎತ್ತಿದಳು. ಅಂಗೈ ಅಗಲದ ಕಪ್ಪು ಮೀನೊಂದು ಬಾಲ ಬಡಿದು ಅವನ ಮುಖದ ಮೇಲೆಲ್ಲ ಕೆರೆಯ ನೀರು ಎರಚಿತು. ರಾಯರು ಹೇಳಿದ ಹಾಗೆ ರಸವೇನೋ ಚಿಮ್ಮಿತ್ತು.

"ಏನ್ ಅಯ್ನೋರೇ, ಇದ್ ಯಾವಾಗಿಂದ?" ಎಂದು ಹಿಂದಿನಿಂದ ಯಾರೋ ನಕ್ಕರು. ನೋಡಿದರೆ ಅವನ ಬೀದಿಗೆ ಹಾಲು ಹಾಕುವ ಲಕ್ಕಣ್ಣ. ಇಡೀ ಏರಿಯ ಮೇಲೆ ಸಿಗಬಾರದ ಮನುಷ್ಯ ಒಬ್ಬನಿದ್ದರೆ ಅವನು ಇವನೇ.

"ಲಕ್ಕಣ್ಣ, ನಾನು ಕೇಳಿದ್ದು ಜಿಲೇಬಿ ಕಣಯ್ಯ. ತಿನ್ನೋ ಜಿಲೇಬಿ."

"ಇದೂ ತಿನ್ನೋದೇಯ. ಪೂಜೆ ಮಾಡಾಕಾ ತಕೊಂಡೋಗ್ತಾರೆ? ಜಿಲೇಬಿ ಮೀನು ಅಂತಾರೆ ಇದುಕ್ಕೆ. ಒಸಾ ಜಾತಿ, ಮೊನ್ನೆ ಮೊನ್ನೆ ಕೆರೆಗೆ ಬುಟ್ಟವ್ರೆ."

"ಸಾಹೇಬ್ರು ಹೇಳಿದ್ದು ಅದಲ್ಲ."

"ಯಾರು ಏಳಿದ್ರಂತೆ ಅವ್ರಿಗೆ?"

"ಡ್ರೈವರ್ ದಸ್ತಗೀರ್."

"ಅಂಗನ್ನಿ. ದಸ್ತಗೀರಣ್ಣ ವಾರ ವಾರ ಇದೇ ಬುಟ್ಟಿಯಾಗೆ ಒಯ್ಯಾದು. ಇನ್ನೇನ್ ಅನ್ಮಾನ ನಿಮ್ಗೆ?"

ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ದೇಸಾಯಿ ಎಂಬ ಹೆಸರಿನಿಂದ ಅವರು ಮೀನು ತಿನ್ನುವವರೋ ಅಲ್ಲವೋ ಎಂದು ಬೆಂಗಳೂರಿನವನೊಬ್ಬ ಹೇಳುವಂತಿರಲಿಲ್ಲ. ಕಚೇರಿಯಲ್ಲಿ ಸೂಟು ಹಾಕಿ ಸಿಗರೇಟು ಸೇದುವ ಮನುಷ್ಯ ಮನೆಯಲ್ಲಿ ಏನು ತಿನ್ನುತ್ತಾನೋ ಯಾರು ಕಂಡರು? ಮೊಟ್ಟೆ ಅಂಗಡಿ ಕಂಡರೆ ರಸ್ತೆ ದಾಟಿಕೊಂಡು ಹೋಗುವ ತನಗೇ ಇದು ಗಂಟುಬೀಳಬೇಕೇ ಎಂದು ಶೇಷಗಿರಿಗೆ ಅಳು ಬಂತು. ಆದರೆ ಬೀದರ್ ಕಣ್ಣ ಮುಂದೆ ಬಂತು, ಸೀತಾ ಬಂದಳು. ಅವನು ಚೀಲದ ಬಾಯಿ ಬಿಚ್ಚಿ ಹಿಡಿದು ಮುಖ ಆ ಕಡೆ ತಿರುಗಿಸಿಕೊಂಡ.

"ಅಯ್ನೋರಿಗೆ ಒಳ್ಳೊಳ್ಳೇದು ಆರಿಸ್ ಕೊಡಮ್ಮೋ, ಮೊದಲ್ನೇ ಸಲ ತಕೊಂತಾವ್ರೆ," ಎಂದು ಲಕ್ಕಣ್ಣ ಆಚೆ ದಡಕ್ಕೂ ಕೇಳುವ ಹಾಗೆ ಹೇಳಿದ.

"ಕುಯ್ದು ಕೊಡ್ಲಾ ಸಾಮಿ?" ಎಂದಳು ಮುನಿವೆಂಕಟಮ್ಮ.

"ಬೇಡ ತಾಯಿ. ಹೇಗಿದೆಯೋ ಹಾಗೇ ಕೊಟ್ಬಿಡು."

"ಜೋಪಾನ. ಇದ್ರ ಜೀವ ಬಲ್ ಗಟ್ಟಿ, ಬಿರ್ರನೆ ಸಾಯಾಕಿಲ್ಲ," ಎಂದು ಅವಳು ಮೀನನ್ನು ತಾವರೆ ಎಲೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು.

"ಬೀದೀಲಿ ಯಾರಿಗೂ ಹೇಳ್ಬೇಡಪ್ಪ," ಎಂದು ಶೇಷಗಿರಿ ಲಕ್ಕಣ್ಣನನ್ನು ಬೇಡಿಕೊಂಡ.

"ನಾನ್ಯಾಕೇಳ್ಲಿ ಅಯ್ನೋರೇ," ಎಂದು ಲಕ್ಕಣ್ಣ ಹಾಲಿನ ಕ್ಯಾನು ಸೈಕಲ್ಲಿಗೇರಿಸಿ ಯಶವಂತಪುರದ ಕಡೆಗೇ ಅವಸರವಾಗಿ ಹೊರಟ.

ಗಂಗೇನಹಳ್ಳಿಯ ತಿರುವಿನ ಹೋಟೆಲಿನಲ್ಲಿ ನಿಜವಾದ ಜಿಲೇಬಿ ಕರಿಯುತ್ತಿದ್ದರು. ಕೌಸಲ್ಯಮ್ಮನ ಪಾಲನ್ನು ಅಲ್ಲಿ ಕಟ್ಟಿಸಿ ಎರಡನೆಯ ಚೀಲಕ್ಕೆ ಹಾಕಿ, ಹ್ಯಾಂಡಲಿನ ಆಚೆಗೊಂದು ಈಚೆಗೊಂದು ಚೀಲ ತೂಗುಹಾಕಿಕೊಂಡು ಅವನು ಮೇಖ್ರಿ ಸರ್ಕಲ್ ಪಕ್ಕದ ಸಾಹೇಬರ ಮನೆ ತಲುಪಿದ. ಜಗುಲಿಯಲ್ಲಿ ಯಾರೂ ಇರಲಿಲ್ಲ. ಎದುರು ನಿಂತು ಮೀನು ಕೊಡುವ ಧೈರ್ಯ ಅವನಿಗೂ ಇರಲಿಲ್ಲ. ಒಂದು ಚೀಲವನ್ನು ಬಾಗಿಲ ಪಕ್ಕದ ಗೂಟಕ್ಕೆ ಸಿಕ್ಕಿಸಿ ಕಳ್ಳನ ಹಾಗೆ ಜಾರಿಕೊಂಡ.

ಬೀದಿಯ ತುದಿಗೆ ಬರುವಷ್ಟರಲ್ಲಿ ಹ್ಯಾಂಡಲಿಗೆ ತೂಗಿದ್ದ ಚೀಲ ಅವನ ಮೊಣಕಾಲಿಗೆ ಒದೆಯಿತು.

ಶೇಷಗಿರಿ ಗಕ್ಕನೆ ಬ್ರೇಕ್ ಹಿಡಿದ. ಮೀನು ಇಲ್ಲಿದ್ದರೆ ಸಾಹೇಬರ ಗೂಟದಲ್ಲಿರುವುದು ಕೌಸಲ್ಯಮ್ಮನ ಜಿಲೇಬಿ. ಹೆಣ್ಣು ನೋಡಲು ಬಂದವರ ತಟ್ಟೆಯಲ್ಲಿ ಇದು ಒದ್ದಾಡಿದ್ದರೆ ಏನು ಗತಿ? ಅವನು ಸೈಕಲ್ ತಿರುಗಿಸಿ ಏದುಸಿರು ಬಿಡುತ್ತ ವಾಪಸು ಓಡಿದ. ಪುಣ್ಯಕ್ಕೆ ಚೀಲ ಗೂಟದಲ್ಲೇ ಇತ್ತು. ಥಟ್ಟನೆ ಅದಲುಬದಲು ಮಾಡಿದ. ಬೆಳಗಿನಿಂದ ಒಂದಾದರೂ ಕೆಲಸ ಸರಿಯಾಗಿ ಮಾಡಿದೆನಲ್ಲ ಎಂದು ಬೆವರು ಒರೆಸಿಕೊಂಡ.

ಅಷ್ಟರಲ್ಲಿ ಬಾಗಿಲು ತೆರೆಯಿತು.

ದೇಸಾಯಿಯವರು ನಿಂತಿದ್ದರು. ಸೂಟು ಇರಲಿಲ್ಲ. ಉಟ್ಟದ್ದು ಬಿಳಿಯ ರೇಷ್ಮೆಯ ಮಗುಟ, ಹಣೆಯ ತುಂಬ ಮೂರು ಬೆರಳಿನ ವಿಭೂತಿ, ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ. ಮೀನು ಹಾಗಿರಲಿ, ಮೀನಿನ ಹೆಸರೂ ಹೊಸ್ತಿಲು ದಾಟದ ಮನೆ ಅದು ಎಂದು ಶೇಷಗಿರಿಗೆ ಒಂದೇ ನೋಟಕ್ಕೆ ತಿಳಿಯಿತು. ಪಾಪ, ಅವರೂ ದಸ್ತಗೀರನ ಮಾತು ಕೇಳಿ ಸಕ್ಕರೆ ಪಾಕವನ್ನೇ ಕನಸು ಕಂಡಿದ್ದರು.

"ಓಹೋ, ತಂದೇ ಬಿಟ್ರಿ? ಯವ್ವಾ, ಜಿಲೇಬಿ ಬಂದಾವ ನೋಡು. ಬೀಗರಿಗೆ ನಾಷ್ಟಾ ಬಡಿಸು," ಎಂದು ಅವರು ಗೂಟದ ಚೀಲ ತೆಗೆದು ಹಿಂದೆ ಬಂದಿದ್ದ ಮುದಿ ತಾಯಿಯ ಕೈಗಿತ್ತರು. ಆಕೆ ಒಳಗೆ ನಡೆದರು.

"ಸಾರ್, ಆ ಚೀಲ..." ಎಂದ ಶೇಷಗಿರಿ.

"ಚೀಲ ಎಲ್ಲಿ ಹೋಗತೈತ್ರಿ? ತೊಳಿಸಿ ಕೊಡತೇನಿ," ಎಂದು ದೇಸಾಯಿಯವರು ಅವನ ಹೆಗಲ ಮೇಲೆ ಕೈಯಿಟ್ಟು ಬಲವಂತವಾಗಿ ಕುರ್ಚಿಯಲ್ಲಿ ಕೂರಿಸಿದರು. "ಎಂಥಾ ನಿಷ್ಠಾವಂತ ಮನಶ್ಯಾರೀ ನೀವು. ಬೀದರದ ಆಜ್ಞಾ ನಾಳೆನ ಹರದು ಒಗೀತೇನಿ. ನಿಮ್ಮಂಥವರು ನನ್ನ ಕಡೇನ ಇರಬೇಕು."

ಒಳಗೆ ತಟ್ಟೆ ಇಡುವ ಸದ್ದಾಯಿತು. ಬೀಗರು ಯಾವುದಕ್ಕೋ ನಕ್ಕರು. ಆಮೇಲೆ ಒಮ್ಮೆಲೇ ಎಲ್ಲ ಸದ್ದೂ ನಿಂತು, ಆ ಮುದುಕಿಯ ದನಿ ಮಾತ್ರ ಜಗುಲಿಗೆ ಕೇಳಿಸಿತು.

"ತಮ್ಮಾ, ಇಲ್ಲಿ ಬಾರೋ. ಈ ಜಿಲೇಬಿ ನನ್ನ ಮಾರಿ ನೋಡಾಕತ್ತಾವಲ್ಲೋ."