ಗುಂಡ್ಲುಪೇಟೆ ತಾಲ್ಲೂಕಿನ ದ್ವೀಪ

ಬೇರೆಯವರ ದನಿ ಅನುಕರಿಸುವವನಿಗೆ ಒಂದು ಅನುಕೂಲವಿದೆ: ತನ್ನ ಮಾತು ಅಂತ ಒಂದನ್ನು ಇಟ್ಟುಕೊಳ್ಳಬೇಕಾಗಿಲ್ಲ. ಕೆಟ್ಟುನಿಂತ ಪಂಪ್‌ಸೆಟ್ಟಿನಿಂದ ಹಿಡಿದು ಮದುವೆಮನೆಯಲ್ಲಿ ಮುನಿಸಿಕೊಂಡ ಸೋದರಮಾವನವರೆಗೆ ಎಲ್ಲರೂ ನನ್ನ ಗಂಟಲಲ್ಲಿದ್ದಾರೆ. ಇದನ್ನು ಮೆಚ್ಚಿಯೇ ಇರಬೇಕು, ಚಾಮರಾಜನಗರದ ಒಂದು ಸಂಸ್ಥೆಯವರು ಮೇಲಿನವರು ಹೇಳಿದ್ದನ್ನು ಕೆಳಗಿನವರಿಗೆ ಹೇಳುವ ಕೆಲಸ ಕೊಟ್ಟರು. ಅದಕ್ಕೆ ತರಬೇತುದಾರ ಎಂದು ಹೆಸರು.

ಹೋದ ವರ್ಷ ನಮಗೆ ಬಂದ ಪಾಠ 'ಸಣ್ಣ ದ್ವೀಪಗಳ ಸುಸ್ಥಿರ ಬದುಕಿಗೆ ಡಿಸೈನ್ ಥಿಂಕಿಂಗ್'. ಜನರ ಕಷ್ಟ ಕೇಳಬೇಕು, ಉಪಾಯ ಹುಡುಕಬೇಕು, ಸಣ್ಣದಾಗಿ ಮಾಡಿ ನೋಡಬೇಕು, ಇಷ್ಟೇ ಅದರ ಸಾರ. ನಮ್ಮಜ್ಜಿ ಮಣ್ಣಿನ ಒಲೆ ಹಾಕುವಾಗ ಮಾಡುತ್ತಿದ್ದುದೂ ಇದೇ, ಗೋಡೆಗೆ ಅಂಟಿಸುವ ಬಣ್ಣದ ಚೀಟಿ ಇರಲಿಲ್ಲ ಅಷ್ಟೆ. ಸಮುದ್ರವಿಲ್ಲದ ತಾಲ್ಲೂಕಿಗೆ ದ್ವೀಪವೇಕೆ ಎಂದು ನಮ್ಮ ಸಾಹೇಬರನ್ನು ಕೇಳಿದೆ. ಅವರು ಜಿಲ್ಲೆಯ ಸಭೆಗಳಲ್ಲೆಲ್ಲ ಮುಂದಿನ ಕುರ್ಚಿಯವರು. ಮೇಲಿಂದ ಬಂದದ್ದು, ಒಂದಕ್ಷರ ಬದಲಾಯಿಸಬೇಡಿ ಎಂದು ಮೂಗಿನಲ್ಲೇ ಹೇಳಿದರು. ಬದಲಾಯಿಸಲಿಲ್ಲ. 'ಮೀನುಗಾರರೊಡನೆ ಮಾತಾಡಿ' ಎಂದಿದ್ದಲ್ಲಿ, ಬೇಗೂರಿನ ಹತ್ತಿರದ ಒಂದು ಪ್ರೌಢಶಾಲೆಯ ಮಕ್ಕಳನ್ನು ಸಂತೆಗೆ ಕರೆದೊಯ್ದು ಒಣಮೀನು ಮಾರುವವನ ಮುಂದೆ ಕೂರಿಸಿದೆ. ಅಲೆಗಳ ಬಗ್ಗೆ ಕೇಳಿದರೆ ಆತ, ತಗೊಂಡರೆ ತಗೊಳ್ಳಿ, ಗಿರಾಕಿಗೆ ಅಡ್ಡ ಕೂರಬೇಡಿ ಅಂದ.

ಶಾಲೆಗೆ ಮರಳಿ, ಕಂಡ ಕಷ್ಟ ಬರೆಯಲು ಚೀಟಿ ಹಂಚಿದಾಗ ಎಂಟನೇ ತರಗತಿಯ ಮಾದೇವಿ ಮಾತ್ರ ಚೀಟಿ ಹಿಡಿದು ಎದ್ದಳು.

"ನಮ್ಮೂರೇ ದ್ವೀಪ ಅಲ್ವಾ ಸಾ? ಮೂರು ಕಡೆ ಆನೆ ಕಂದಕ. ಇನ್ನೊಂದ್ ಕಡಿಂದ ಬಸ್ಸೇ ಸರ್ಯಾಗಿ ಬರಕಿಲ್ಲ."

ಅವಳೂರು ಗೋಪಾಲಸ್ವಾಮಿ ಬೆಟ್ಟದ ಕಡೆ, ಕಾಡಂಚಿನಲ್ಲಿ. ಸಂಜೆಯ ಬಸ್ಸು ಕತ್ತಲಾದ ಮೇಲೆ ಇಳಿಸುತ್ತದೆ. ಅಲ್ಲಿಂದ ಮನೆಗೆ ಆನೆ ದಾಟುವ ದಾರಿಯಲ್ಲಿ ನಡಿಗೆ. ಬೆಳಕಿದ್ದಾಗ ಬಸ್ಸು ಬರದಿದ್ದರೆ ಸ್ಕೂಲೇ ಬೇಡ ಎಂದು ಅವಳಪ್ಪ ಹೇಳಿಬಿಟ್ಟಿದ್ದ.

ಡಿಪೋಗೆ ನನ್ನ ದನಿಯಲ್ಲೇ ಫೋನು ಮಾಡಿದೆ. ಅರ್ಜಿ ಕೊಡಿ, ನೋಡೋಣ ಅಂದರು. ಕೊಟ್ಟೆ, ನೋಡುತ್ತಲೇ ಇದ್ದರು. ಕೊನೆಗೆ ಮತ್ತೆ ಫೋನು ಮಾಡಿ, ಮೂಗು ಹಿಡಿದು, ಸಾಹೇಬರ ದನಿಯಲ್ಲಿ ಗದರಿದೆ. ಮರುದಿನವೇ ಬಸ್ಸು ಹೊತ್ತು ಮುಳುಗುವ ಮೊದಲು ಬಂತು. 'ಮಾಡಿ ನೋಡುವ' ಹಂತ ಇಷ್ಟು ಸುಸೂತ್ರವಾಗಿ ಯಾವ ದ್ವೀಪದಲ್ಲೂ ಆಗಿರಲಾರದು.

ತರಬೇತಿಯ ಸಮಾರೋಪದಲ್ಲಿ ಬಹುಮಾನ ಹೋದದ್ದು ಮಕ್ಕಳು ಮಾಡಿದ ಒಂದು ಥರ್ಮಾಕೋಲಿನ ದ್ವೀಪಕ್ಕೆ, ಸುತ್ತ ನೀಲಿ ಮಿನುಗು ಸುರಿದಿತ್ತು. ಅತಿಥಿಯಾಗಿ ಬಂದಿದ್ದ ಡಿಪೋದವರು, ಹೆಣ್ಣುಮಕ್ಕಳ ಬಸ್ಸಿನ ಬಗ್ಗೆ ಸಾಹೇಬರ ಕಾಳಜಿ ದೊಡ್ಡದು ಎಂದು ಕೈಮುಗಿದರು. ಸಾಹೇಬರು ಮೊದಲು ಹಾರದೊಳಗೇ ಉಬ್ಬಿದರು, ಆಮೇಲೆ ನನ್ನ ಕಡೆ ನೋಡಿದರು. ಅಂಥ ಕಾಳಜಿ ತಮಗಿಲ್ಲವೆಂದು ಆವತ್ತೇ ಡಿಪೋದವರಿಗೆ ಸ್ಪಷ್ಟಪಡಿಸಿದರು. ಬಸ್ಸು ಹಳೇ ಹೊತ್ತಿಗೇ ಮರಳಿತು. ನನ್ನ ಕೆಲಸ ಉಳಿಯಿತು. ದ್ವೀಪದ ಪಾಠ ಬೇರೆ ಯಾರ ಬಾಯಿಗೂ ಬರುತ್ತಿರಲಿಲ್ಲ.

ಮಾದೇವಿ ಶಾಲೆಗೆ ಬರುವುದು ನಿಂತಿತು. ಅವಳಪ್ಪನನ್ನು ಒಪ್ಪಿಸಲು ಹೋದೆ. ಆತ ಜಗಲಿಯಲ್ಲಿ ಚಾಪೆ ಹಾಸಿ, ಟೀ ಕೊಟ್ಟು, "ಬುಡಿ ಸಾ, ಆನೆಗೆ ನಿಮ್ ಡಿಸೈನು ಗೊತ್ತಾಗಕಿಲ್ಲ" ಅಂದ. ಆಮೇಲೆ, ಸಾಹೇಬರ ತರ ಮಾತಾಡಿದಿರಂತಲ್ಲ, ವಸಿ ಮಾಡಿ ತೋರಿಸಿ ಎಂದು ದುಂಬಾಲು ಬಿದ್ದ. ಮಾಡಿದೆ. ಅಕ್ಕಪಕ್ಕದವರೂ ಬಂದು ಹೊಟ್ಟೆ ಹಿಡಿದು ನಕ್ಕರು.

ಮಾದೇವಿ ಬಾಗಿಲಲ್ಲಿ ನಿಂತು ನಗು ಮುಗಿಯುವವರೆಗೆ ಕಾದಳು.

"ಈಗ ನಿಮ್ ದನೀಲಿ ಯೋಳಿ ಸಾ. ಬಸ್ ಬತ್ತದಾ?"

ಗಂಟಲು ಸರಿಮಾಡಿಕೊಳ್ಳಲು ಕೆಮ್ಮಿದೆ. ಆ ಕೆಮ್ಮೂ ಸಾಹೇಬರದ್ದೇ ಆಗಿತ್ತು.